ಬಟನ್ ಪುಡಿಯ ಶೆಡ್ಡು

ಬಟನ್ ಪುಡಿಗೆ ಬೆಂಕಿ ಹತ್ತುವುದಿಲ್ಲ ಎಂದು ಬೈಲಹೊಂಗಲದಲ್ಲಿ ಎಲ್ಲರೆದುರು ಸಾಬೀತು ಮಾಡಿ ತೋರಿಸಿದವನು ನಾನೇ. ಹತ್ತುತ್ತದೆ ಎಂದು ತೋರಿಸಲು ಹೋಗಿದ್ದೆ ಎಂಬುದು ಬೇರೆ ಮಾತು. ಮನುಷ್ಯನಿಗೆ ಗೊತ್ತಿರುವುದು ಒಂದು, ಅದನ್ನು ನಾಲ್ಕು ಜನರಿಗೆ ಒಪ್ಪಿಸುವುದು ಇನ್ನೊಂದು. ಎರಡನೆಯ ವಿದ್ಯೆ ನನಗೆ ಯಾವ ಸಾಲೆಯಲ್ಲೂ ಹತ್ತಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಊರಂಚಿನ ಒಂದು ಗ್ಯಾರೇಜಿನಲ್ಲಿ ಮೇಲ್ವಿಚಾರಕನಾಗಿದ್ದೆ. ಗ್ಯಾರೇಜು ಎಂದರೆ ಹತ್ತಿಯ ವ್ಯಾಪಾರಸ್ಥರೊಬ್ಬರ ಹಳೆಯ ಜಿನ್ನು, ಹತ್ತಿಯಿಂದ ಬೀಜ ತೆಗೆಯುವ ಕಾರ್ಖಾನೆ. ಊರೆಲ್ಲ ಅವರನ್ನು ಸಾವಕಾರರು ಎನ್ನುತ್ತಿತ್ತು. ಪಕ್ಕದಲ್ಲೇ ಹೊಸ ಜಿನ್ನು ಕಟ್ಟಿಸಿದ ಮೇಲೆ ಖಾಲಿ ಬಿದ್ದ ಶೆಡ್ಡಿನಲ್ಲಿ ಅವರು ಗಾಡಿಗಳ ದುರಸ್ತಿ ಮತ್ತು ಬಣ್ಣದ ಕೆಲಸ ತೆರೆದಿದ್ದರು. ಕಲ್ಲಿನ ಗೋಡೆ, ತಗಡಿನ ಮಾಡು, ಎತ್ತರದಲ್ಲಿ ಕಟ್ಟಿಗೆಯ ಕಿಟಕಿಗಳು, ಒಂದು ಮಗ್ಗುಲಿಗೆ ಹಳಿಯ ಮೇಲೆ ಸರಿಯುವ ದೊಡ್ಡ ಕಬ್ಬಿಣದ ಬಾಗಿಲು. ನಾನು ಸವದತ್ತಿಯವನು. ಮನೆತನದಲ್ಲಿ ಎಲ್ಲರೂ ಪೌರೋಹಿತ್ಯ ಮಾಡಿದವರು, ನಾನೊಬ್ಬನೇ ಡಿಪ್ಲೊಮಾ ಮಾಡಿ ಕೈಗೆ ಗ್ರೀಸು ಹಚ್ಚಿಕೊಂಡವನು. ಆದರೂ ಗ್ಯಾರೇಜಿನಲ್ಲಿ ನನ್ನ ಹೆಸರು ಆಚಾರ್ರು ಎಂದೇ ಉಳಿಯಿತು.

ಆ ವರ್ಷ ರಾಮದುರ್ಗದ ಗುತ್ತಿಗೆದಾರರೊಬ್ಬರು ಸೈನ್ಯದ ಹರಾಜಿನಲ್ಲಿ ಹಳೆಯ ಆಂಬುಲೆನ್ಸ್ ಗಾಡಿಗಳನ್ನು ಹಿಡಿದು ತಂದರು. ಅವುಗಳ ಹಸಿರು ಬಣ್ಣ ತೆಗೆದು, ಬಿಳಿ ಬಣ್ಣ ಬಳಿದು, ಮದುವೆ ದಿಬ್ಬಣಕ್ಕೆ ಓಡಿಸುವುದು ಅವರ ಯೋಚನೆ. ಗಾಡಿಯ ಮೈಯೆಲ್ಲ ತೆಳ್ಳನೆಯ ಅಲ್ಯುಮಿನಿಯಂ ತಗಡು. ಗಾಳಿಯ ಒತ್ತಡದಿಂದ ಮರಳು ಹೊಡೆದರೆ ತಗಡು ತಗ್ಗುದಿನ್ನೆಯಾಗಿ ಸೊಟ್ಟಗಾಯಿತು. ಕಾಸ್ಟಿಕ್ ಸೋಡಾ ಹಚ್ಚಿದರೆ ಬಣ್ಣಕ್ಕಿಂತ ಮೊದಲು ತಗಡೇ ಬುಸುಬುಸು ಎಂದು ಕರಗತೊಡಗಿತು. ಕೈಯಿಂದ ಕೆರೆಯಲು ಹೋದರೆ ಬೆಕ್ಕು ಪರಚಿದ ಹಾಗೆ ಗೀರು. ಮೊದಲನೆಯ ಗಾಡಿಯನ್ನು ಮೂರು ರೀತಿಯಲ್ಲಿ ಕೆಡಿಸಿದ ಮೇಲೆ ಸಾವಕಾರರು ಮುಂಬೈಗೆ ಹೋಗಿ ಬಂದರು. ಬರುವಾಗ ಲಾರಿಯಲ್ಲಿ ಚೀಲಗಟ್ಟಲೆ ಬಟನ್ ಪುಡಿ ತಂದರು.

ಅಂಗಿಯ ಬಟನ್ ಮಾಡುವ ಕಾರ್ಖಾನೆಯಲ್ಲಿ ಉಳಿಯುವ ಪ್ಲಾಸ್ಟಿಕ್ ಚೂರನ್ನು ಒಡೆದು ಜರಡಿ ಹಿಡಿದ ಹರಳು ಅದು. ದಪ್ಪ ಸಕ್ಕರೆಯಂತೆ ಕಾಣುತ್ತಿತ್ತು, ನಡುನಡುವೆ ಕೆಂಪು, ನೀಲಿ ಚುಕ್ಕೆ. ಅದನ್ನು ಮುಚ್ಚಿದ ಹಂಡೆಗೆ ತುಂಬಿ, ಕಂಪ್ರೆಸರಿನ ಗಾಳಿಯಿಂದ ಕೊಳವೆಯ ಮೂಲಕ ಗಾಡಿಯ ಮೈಗೆ ಹೊಡೆಯಬೇಕು. ಹರಳು ಬಣ್ಣಕ್ಕಿಂತ ಗಟ್ಟಿ, ತಗಡಿಗಿಂತ ಮೆತ್ತಗೆ. ಬಣ್ಣ ಮಾತ್ರ ಸಿಪ್ಪೆಯಂತೆ ಎದ್ದು ಬಂದು ಕೆಳಗೆ ಬೆಳ್ಳಿಯಂಥ ಲೋಹ ಹೊಳೆಯಿತು. ಮೊದಲ ದಿನ ನಾನೂ ಎಲ್ಲರ ಜೊತೆ ಬಾಯಿ ತೆರೆದು ನೋಡಿದೆ. ಕೆಲಸಕ್ಕೆ ಇಷ್ಟು ಚೆನ್ನಾಗಿ ಒದಗುವ ವಸ್ತುವನ್ನು ಯಾರಾದರೂ ಸಂಶಯದಿಂದ ನೋಡುವುದು ಹೇಗೆ?

ಕೊಳವೆ ಹಿಡಿಯುವ ಕೆಲಸ ಸಾವಕಾರರ ಹಳೆಯ ಜಿನ್ ಮೇಸ್ತ್ರಿಯದಾಯಿತು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಹೊಸ ಜಿನ್ನಿಗೆ ಹೊಸ ಮೇಸ್ತ್ರಿ ಬಂದದ್ದು ಅವರಿಗೆ ಒಳಗೊಳಗೇ ಚುಚ್ಚಿತ್ತು, ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಅವರ ಮಾನ ಹಾಗೇ ಇತ್ತು. ಬೈಲಹೊಂಗಲದ ಯಾವ ಜಿನ್ನಿನಲ್ಲಿ ಕಿಡಿ ಬಿದ್ದರೂ ಮೊದಲು ಓಡಿ ಬರುತ್ತಿದ್ದುದು ಕಾಕಾ ಮನೆಗೆ. ಹತ್ತಿಯ ಬೆಂಕಿಗೆ ಅವರದೇ ಒಂದು ಕ್ರಮವಿತ್ತು. ಮೊದಲು ಬಾಗಿಲು, ಕಿಟಕಿ ಎಲ್ಲ ಹಾಕಿ ಗಾಳಿ ಕಟ್ಟಬೇಕು. ಆಮೇಲೆ ಗೋಣಿತಟ್ಟು ಹಿಡಿದು, ಬೆಂಕಿ ಸಣ್ಣದಿರುವಾಗಲೇ ಬಡಿದು ಆರಿಸಬೇಕು. ನೀರಿಗೆ ಓಡುವುದು ಕೊನೆಗೆ. ಈ ಕ್ರಮದಿಂದ ಎಷ್ಟೋ ಜಿನ್ನುಗಳು ಉಳಿದಿದ್ದವು, ಅದರಲ್ಲಿ ಸುಳ್ಳಿಲ್ಲ.

ಕಾಕಾನ ಕೈಕೆಳಗೆ ದೊಡವಾಡದ ಒಬ್ಬ ಹಮಾಲನಿದ್ದ. ಆಳು ಬಾಗಿಲು ತುಂಬುವಂಥವನು. ಅವನನ್ನು ಊರಿಂದ ಕರೆತಂದು ಕೆಲಸಕ್ಕೆ ಹಚ್ಚಿದ್ದೇ ಕಾಕಾ. ಹೊಡೆದ ಪುಡಿ ನೆಲಕ್ಕೆ ಬಿದ್ದ ಮೇಲೆ ಅದನ್ನು ಗುಡಿಸಿ, ಜರಡಿ ಹಿಡಿದು, ಬಣ್ಣದ ಚಕ್ಕೆ ಬೇರೆ ಮಾಡಿ ಮತ್ತೆ ಹಂಡೆಗೆ ತುಂಬುವುದು ಅವನ ಕೆಲಸ. ಸಂಜೆಗೆ ಅವನ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿರುತ್ತಿದ್ದವು. "ಕಾಕಾ, ಇವತ್ತ ನಾ ನಿಮಗಿಂತ ಹಿರ್ಯಾ ಆದ್ನಿ. ನಮಸ್ಕಾರ ಮಾಡ್ರಿ" ಎಂದು ದಿನವೂ ಅದೇ ಚೇಷ್ಟೆ ಮಾಡುತ್ತಿದ್ದ. ಕಾಕಾ ದಿನವೂ ಅವನ ಬೆನ್ನಿಗೆ ಗುದ್ದುತ್ತಿದ್ದರು.

ಆ ಬಿಳಿ ಹುಬ್ಬು ನೋಡಿಯೇ ನನಗೆ ಮೊದಲ ಬಾರಿ ಅಂಜಿಕೆ ಹುಟ್ಟಿದ್ದು.

ಡಿಪ್ಲೊಮಾ ಮುಗಿದ ಹೊಸದರಲ್ಲಿ ನಾನು ಗೋವಿನಜೋಳದಿಂದ ಪಿಷ್ಟ ತೆಗೆಯುವ ಒಂದು ಕಾರ್ಖಾನೆಯಲ್ಲಿ ಕಲಿಯಲು ಇದ್ದೆ. ಅಲ್ಲಿ ಹಿರಿಯರು ಮೊದಲ ದಿನವೇ ಹೇಳುತ್ತಿದ್ದ ಮಾತು: ಬಿದ್ದ ಪುಡಿಗೆ ಹೆದರಬೇಡ, ತೇಲುವ ಪುಡಿಗೆ ಹೆದರು. ಉರಿಯುವ ಯಾವ ವಸ್ತುವಾದರೂ ಸರಿ, ನುಣ್ಣಗಾಗಿ ಗಾಳಿಯಲ್ಲಿ ಎದ್ದಿತೆಂದರೆ ಅದರ ಗುಣವೇ ಬೇರೆ. ಗುಡ್ಡೆಯಾಗಿ ಬಿದ್ದಾಗ ಬೆಂಕಿಗೆ ಸಿಗುವುದು ಮೇಲಿನ ಪದರವೊಂದೇ. ತೇಲುವಾಗ ಪ್ರತಿಯೊಂದು ಕಣದ ಸುತ್ತಲೂ ಗಾಳಿ ಇರುತ್ತದೆ, ಹಾಗಾಗಿ ಎಲ್ಲವೂ ಒಟ್ಟಿಗೇ ಉರಿಯುತ್ತವೆ. ಮುಚ್ಚಿದ ಕೋಣೆಯಾದರೆ ಹಿಗ್ಗಿದ ಗಾಳಿಗೆ ದಾರಿಯಿಲ್ಲದೆ ಗೋಡೆ ಮಾಡುಗಳೇ ಹಾರುತ್ತವೆ. ನಮ್ಮ ಬಟನ್ ಹರಳು ಹೊಸದಿದ್ದಾಗ ದಪ್ಪ. ಆದರೆ ಪ್ರತಿ ಸಲ ಹೊಡೆದಾಗ ಒಡೆದು ಸಣ್ಣದಾಗುತ್ತಿತ್ತು. ಸಾವಕಾರರು ಯಾವುದನ್ನೂ ಬಿಸಾಡಲು ಬಿಡದೆ ಅದನ್ನೇ ಮತ್ತೆ ಮತ್ತೆ ಬಳಸುತ್ತಿದ್ದರಿಂದ ಕೊನೆಗೆ ಮುಖಕ್ಕೆ ಹಚ್ಚುವ ಪೌಡರಿನಂತಾಗಿ ಜಂತಿ, ಗೋಡೆ, ಬಲ್ಬು ಎಲ್ಲದರ ಮೇಲೆ ಕೂತಿತ್ತು. ಸುಲಿದ ಬಣ್ಣದ ಧೂಳೂ ಅದರಲ್ಲಿ ಬೆರೆತಿತ್ತು.

ನಾನು ಕಾಕಾನಿಗೆ ಹೇಳಿದೆ. ಅವರು ಕಣ್ಣಿನ ಕನ್ನಡಕ, ಮೂಗಿನ ಬಟ್ಟೆ ತೆಗೆದು ಒಳ್ಳೇ ಸಮಾಧಾನದಿಂದ ಕೇಳಿ, "ಆಚಾರ್ರ, ಹತ್ತಿ ಊರಾಗ ನಿಂತು ಬೆಂಕಿ ಪಾಠ ಹೇಳಾಕ ಹತ್ತೀರಲ್ಲ, ನಿಮ್ಮ ಧೈರ್ಯ ಮೆಚ್ಚಬೇಕ್ರಿ. ಬರ್ರಿ, ನೋಡೇಬಿಡೂಣು" ಎಂದರು.

ಜಿನ್ನಿನವರಿಗೆ ಒಂದು ಪರೀಕ್ಷೆಯಿದೆ. ಹೊಸ ಮಾಲು ಏನೇ ಬರಲಿ, ಹಿಂಡಿಯಾಗಲಿ, ಹೊಟ್ಟಾಗಲಿ, ಒಂದು ಹಿಡಿ ತೆಗೆದು ಕೆಂಡದ ಮೇಲೆ ಹಾಕುವುದು. ಅದು ಉರಿಯುವ ಪರಿ ನೋಡಿ ಎಲ್ಲಿಡಬೇಕು, ಎಷ್ಟು ದೂರ ಇಡಬೇಕು ಎಂದು ನಿರ್ಧರಿಸುವುದು. ಕಾಕಾ ಚಹಾದಂಗಡಿಯಿಂದ ಕೆಂಡ ತರಿಸಿ, ಬಾಣಲೆಯಲ್ಲಿ ಹರವಿ, ಒಂದು ಹಿಡಿ ಪುಡಿ ಸುರಿದರು. ಕೊಂಬು ಸುಟ್ಟ ವಾಸನೆ ಬಂತು. ಕಪ್ಪು ಹೊಗೆ ಸ್ವಲ್ಪ ಎದ್ದಿತು. ಪುಡಿ ಕರಿಯ ಹೆಪ್ಪಾಗಿ ಕೆಂಡವನ್ನೇ ಮುಚ್ಚಿ ಆರಿಸಿಬಿಟ್ಟಿತು.

"ಬೆಂಕೀನ ನಂದಿಸಿತಲ್ರಿ! ಇದು ನೀರಿಗಿಂತ ಚಲೋ ಐತಿ" ಎಂದರು ಕಾಕಾ. ಅವರು ಕಂಡದ್ದು ನಿಜವೇ ಆಗಿತ್ತು. ನನ್ನ ಮಾತೂ ನಿಜವಾಗಿತ್ತು. ಎರಡು ನಿಜಗಳ ನಡುವೆ ನಾನು ಪೆದ್ದನಂತೆ ನಿಂತೆ.

ಆಗ ನನಗೆ ಹಟ ಬಂತು. ವನಸ್ಪತಿಯ ಹಳೆಯ ಡಬ್ಬಿಯೊಂದಕ್ಕೆ ಬುಡದಲ್ಲಿ ತೂತು ಕೊರೆದು ರಬ್ಬರ್ ಕೊಳವೆ ಜೋಡಿಸಿದೆ. ಒಳಗೆ ಒಂದು ಚಿಮಣಿ ದೀಪ, ಕೊಳವೆಯ ಬಾಯಿಗೆ ಒಂದು ಹಿಡಿ ಪುಡಿ, ಮೇಲೆ ಸಡಿಲಾಗಿ ಮುಚ್ಚಳ. ಹೊರಗಿನಿಂದ ಜೋರಾಗಿ ಊದಿದರೆ ಪುಡಿ ಒಳಗೆ ಏಳಬೇಕು, ದೀಪ ತಾಗಬೇಕು, ಮುಚ್ಚಳ ಹಾರಬೇಕು. ಪಿಷ್ಟದ ಕಾರ್ಖಾನೆಯಲ್ಲಿ ಹೊಸಬರಿಗೆ ಹೀಗೆಯೇ ತೋರಿಸುತ್ತಿದ್ದರು. ಸಾವಕಾರರನ್ನೂ ಕರೆದೆ. ಹೊಸ ಜಿನ್ನಿನವರೂ ತಮಾಷೆ ನೋಡಲು ಬಂದು ನೆರೆದರು. ಪುಡಿ ತಾ ಎಂದು ಹಮಾಲನಿಗೆ ಹೇಳಿದೆ. ಆಚಾರ್ರು ಕೇಳಿದ್ದಾರೆ, ಚೊಕ್ಕ ಮಾಲೇ ಕೊಡಬೇಕು ಎಂಬ ಮರ್ಯಾದೆಯಿಂದ ಅವನು ಹೊಸ ಚೀಲ ಬಿಚ್ಚಿ ದಪ್ಪ ಹರಳು ತಂದುಕೊಟ್ಟ. ಕೊಳವೆಗೆ ತುಂಬಿದ್ದು ನುಣ್ಣನೆಯ ಪುಡಿಯಲ್ಲ, ದಪ್ಪ ಹರಳು ಎಂಬುದನ್ನು ನಾನು ಗಮನಿಸಲಿಲ್ಲ. ಕೆನ್ನೆ ಉಬ್ಬಿಸಿ ಊದಿದೆ. ಡಬ್ಬಿಯಲ್ಲಿ ಆಲಿಕಲ್ಲು ಬಿದ್ದಂತೆ ಪಟಪಟ ಸದ್ದಾಯಿತು, ದೀಪ ಆರಿತು. ಮುಚ್ಚಳ ತೆಗೆದರೆ ಚೂರು ಹೊಗೆ.

ನಕ್ಕರು ನೋಡಿ, ಜಿನ್ನಿನ ಗೂಡಿನ ಪಾರಿವಾಳಗಳೂ ಹಾರಿಹೋದವು. ಸಾವಕಾರರು ಮಾತ್ರ ನಗಲಿಲ್ಲ. "ಆಚಾರ್ರ, ನಿಮ್ಮ ಕಾಳಜಿ ನನಗ ತಿಳೀತೈತಿ. ಖರೇ ಅಂದ್ರ ನೀವ ಇವತ್ತ ನನ್ನ ಅಂಜಿಕಿ ಬಿಡಿಸಿದ್ರಿ" ಎಂದು ಹೆಗಲು ತಟ್ಟಿ ಹೋದರು. ಆ ಒಳ್ಳೆಯ ಮಾತೇ ನನ್ನನ್ನು ಹೆಚ್ಚು ಕುಗ್ಗಿಸಿತು.

ರಜೆಯ ದಿನ ಜಂತಿಯ ಮೇಲಿನ ನುಣ್ಣನೆಯ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಯರಗಟ್ಟಿಯ ಮೇಲೆ ಬಸ್ಸು ಹಿಡಿದು ಸವದತ್ತಿಗೆ ಹೋದೆ. ಹಿತ್ತಲಲ್ಲಿ ಅದೇ ಡಬ್ಬಿ, ಅದೇ ದೀಪ. ಊದಿದೊಡನೆ ಮುಚ್ಚಳ ಹಂಚಿಗೆ ಬಡಿದು ಒಂದು ಹಂಚು ಒಡೆಯಿತು. ನನಗೆ ಸಂತೋಷದಿಂದ ಕುಣಿಯುವ ಹಾಗಾಯಿತು. ತಂದೆಯವರು ಮಡಿಯಲ್ಲೇ ಹೊರಗೆ ಬಂದು, "ನೌಕರಿ ಬ್ಯಾಡಾಗಿದ್ರ ಬಿಡು. ಮನಿ ಯಾಕ ಸುಡ್ಲಿಕ್ಕೆ ಹತ್ತೀ?" ಎಂದರು. ಒಂದು ಹಿಡಿ ಪುಡಿಗೇ ಇಷ್ಟಾದರೆ ಶೆಡ್ಡಿನ ಜಂತಿಗಳ ಮೇಲೆ ಇರುವುದಕ್ಕೆ ಎಷ್ಟು ಎಂದು ಲೆಕ್ಕ ಹಾಕುತ್ತ ಆ ದಿನ ಊಟ ಸೇರಲಿಲ್ಲ.

ಮರಳಿ ಬಂದು ಶೆಡ್ಡಿನ ಅಂಗಳದಲ್ಲಿ ಮತ್ತೆ ಮಾಡಿ ತೋರಿಸಿದೆ. ಈ ಸಲ ಮುಚ್ಚಳ ಹಾರಿತು. ಆದರೆ ಜನ ಕಡಿಮೆಯಿದ್ದರು. ಸಾವಕಾರರು ಪೇಟೆಗೆ ಹೋಗಿದ್ದರು, ಹತ್ತಿಯ ಹರಾಜು ಶುರುವಾಗಿತ್ತು. ಕಾಕಾ ಡಬ್ಬಿಯನ್ನು ಎತ್ತಿ, ತಿರುಗಿಸಿ, ಮೂಸಿ ನೋಡಿ, "ಮುಚ್ಚಳಾ ಹಾಕಿ ಒಳಗ ಚಿಮಣಿ ಹಚ್ಚಿಟ್ರ ಎಣ್ಣಿ ಹಬಿ ತುಂಬತೈತಿ. ಹಾರದ ಏನ್ಮಾಡತೈತ್ರಿ?" ಎಂದರು. ಪುಡಿಯಿಲ್ಲದೆ ಊದಿ ತೋರಿಸಿದೆ. ಮುಚ್ಚಳ ಮಿಸುಕಲಿಲ್ಲ. "ಈ ಸಲ ಎಣ್ಣಿ ಕಡಿಮಿ ಇತ್ತು" ಎಂದರು ಕಾಕಾ. ನನ್ನನ್ನು ಸೋಲಿಸುವ ಉದ್ದೇಶ ಅವರಿಗಿರಲಿಲ್ಲ. ಒಮ್ಮೆ ಕೆಂಡದ ಮೇಲೆ ಸತ್ತ ಪುಡಿ ಅವರ ಪಾಲಿಗೆ ಸತ್ತ ಪುಡಿಯೇ. ಬೋರ್ಗಲ್ಲ ಮೇಲೆ ಮಳೆ ಸುರಿದಂತಾಯಿತು ನನ್ನ ವಿದ್ಯೆ.

ಆಮೇಲೆ ನಾನು ಬೇರೆ ದಾರಿ ಹಿಡಿದೆ. ಸಾವಕಾರರ ಹತ್ತಿರ ಹೋಗಿ, ನನ್ನ ಮಾತು ನಂಬುವುದು ಬೇಡ, ದೊಡ್ಡ ಬಾಗಿಲನ್ನಾದರೂ ತೆರೆದಿಟ್ಟು ಕೆಲಸ ಮಾಡಲು ಬಿಡಿ ಎಂದು ಬೇಡಿಕೊಂಡೆ. ಅವರು ನನ್ನನ್ನು ಕೈಹಿಡಿದು ಅಂಗಳಕ್ಕೆ ಕರೆದೊಯ್ದರು. ಶೆಡ್ಡಿನ ಬಾಗಿಲಿಗೆ ಎದುರಾಗಿ, ಹೊಸ ಜಿನ್ನಿನ ಕಟ್ಟೆಯ ಮೇಲೆ, ಬೀಜ ತೆಗೆದ ಅರಳೆ ಬೆಳ್ಳಗೆ ರಾಶಿ ಬಿದ್ದಿತ್ತು.

"ಅಲ್ಲಿ ಬಾಗ್ಲಾ ತೆಗದ್ರ ಪುಡಿ ಇಲ್ಲಿ ಬಂದು ಕುಂದ್ರತೈತಿ. ಅಳ್ಳ್ಯಾಗ ಪ್ಲಾಸ್ಟಿಕ್ ಸಿಕ್ಕಿತಂದ್ರ ಗಿರಣಿಯವರು ಲಾರಿ ಲಾರಿನ ವಾಪಸ್ ಕಳಸ್ತಾರ. ಅಳ್ಳಿ ನಮ್ಮ ಹಿರ್ಯಾರ ಉದ್ಯೋಗ, ಆಚಾರ್ರ. ಬಣ್ಣದ ಕೆಲಸ ನನ್ನ ಚಟ. ಚಟಕ್ಕ ಉದ್ಯೋಗ ಕೆಡಿಸಿಕೋಬೇಕೇನು?"

ನೆಲಕ್ಕೆ ನೀರು ಚಿಮುಕಿಸೋಣ ಎಂದೆ. ಒದ್ದೆಯಾದ ಪುಡಿ ಗಂಟು ಕಟ್ಟಿ ಕೊಳವೆ ಕಟ್ಟಿಕೊಂಡಿತು, ಒಂದೇ ದಿನಕ್ಕೆ ಆ ಉಪಾಯ ಮುಗಿಯಿತು. ಸಣ್ಣ ಪುಡಿ ಬಿಸಾಡೋಣ ಎಂದೆ. ಮುಂಬೈಯಿಂದ ತಂದ ಮಾಲು ಎಂದರು. ಜಂತಿಗಳನ್ನು ಒದ್ದೆ ಬಟ್ಟೆಯಿಂದ ಒರೆಸೋಣ ಎಂದೆ. ಗಾಡಿಗಳು ಮೊದಲು ಹೊರಬೀಳಲಿ, ದೀಪಾವಳಿ ಆಗಲಿ ಎಂದರು. ಬಲ್ಬುಗಳಿಗೆ ಗಾಜಿನ ಗೂಡು ಹಾಕಿಸುವುದಕ್ಕೆ ಮಾತ್ರ ಒಪ್ಪಿದರು. ಹುಬ್ಬಳ್ಳಿಯಿಂದ ಆ ಗೂಡುಗಳು ಇವತ್ತು ಬರುತ್ತವೆ, ನಾಳೆ ಬರುತ್ತವೆ ಎಂದು ಕಾದದ್ದೇ ಬಂತು. ಅಷ್ಟರವರೆಗೆ ನಾನೇ ಉದ್ದ ಕೋಲಿಗೆ ಬಟ್ಟೆ ಕಟ್ಟಿ ಬೆಳಿಗ್ಗೆಯೊಮ್ಮೆ, ಊಟದ ಹೊತ್ತಿಗೊಮ್ಮೆ ಬಲ್ಬು ಒರೆಸುತ್ತಿದ್ದೆ. ಹಮಾಲ ನೋಡಿ, "ಆಚಾರ್ರು ಬಲ್ಬಿಗೆ ಅಭಿಷೇಕ ನಡಸ್ಯಾರ" ಎನ್ನುತ್ತಿದ್ದ.

ಬೆಳಗಾವಿಗೆ ಹೋಗಿ ಕಾರ್ಖಾನೆಗಳ ತಪಾಸಣೆಯ ಅಧಿಕಾರಿಯನ್ನೂ ಕಂಡೆ. ಸಜ್ಜನರು. ಚಹಾ ತರಿಸಿ, ಎಲ್ಲ ಕೇಳಿ, "ಎಷ್ಟು ಆಳು ಇದ್ದಾರೆ?" ಎಂದರು. ಹೇಳಿದೆ. "ಅಷ್ಟೇ ಆಳಿದ್ದರೆ ಅದು ನಮ್ಮ ಲೆಕ್ಕದಲ್ಲಿ ಕಾರ್ಖಾನೆಯೇ ಅಲ್ಲ. ನಾನು ಒಳಗೆ ಕಾಲಿಡುವಂತೆಯೂ ಇಲ್ಲ. ಇನ್ನಷ್ಟು ಜನರನ್ನು ತೆಗೆದುಕೊಂಡರೆ ತಿಳಿಸಿ" ಎಂದರು. ಇನ್ನಷ್ಟು ಜನರನ್ನು ಆ ಶೆಡ್ಡಿನೊಳಗೆ ಕಳಿಸಿದರೆ ಮಾತ್ರ ಒಳಗಿದ್ದವರಿಗೆ ಕಾಯ್ದೆ ಸಿಗುತ್ತಿತ್ತು! ಬರುವಾಗ ಬಸ್ಸಿನಲ್ಲಿ ನನಗೆ ನಗು ಬಂತು, ಪಕ್ಕದವರು ಸರಿದು ಕೂತರು.

ನೌಕರಿ ಬಿಡಬಹುದಿತ್ತು. ನಾನು ಬಿಟ್ಟ ಮಾತ್ರಕ್ಕೆ ಕಾಕಾ ಕೊಳವೆ ಬಿಡುತ್ತಿರಲಿಲ್ಲ, ಬಲ್ಬು ಒರೆಸುವವನೊಬ್ಬ ಕಡಿಮೆಯಾಗುತ್ತಿದ್ದ ಅಷ್ಟೇ. ಒಳಗೆ ಗಾಳಿ ಹೊಡೆಯುವ ಸದ್ದು ಕೇಳುವಾಗಲೆಲ್ಲ ಅವರ ಮೈಗೆ ಏನಾದರೂ ಆದೀತು ಎಂದು ಕಾಯುತ್ತ ಹೊರಗೆ ನಿಂತಿರುವುದೇ ನನ್ನ ನಿಜವಾದ ಕೆಲಸವಾಯಿತು.

ಅದು ನಡೆದದ್ದು ಮಧ್ಯಾಹ್ನ, ಊಟವಾದ ಮೇಲೆ. ಒಂದು ಗಾಡಿಯ ಬಣ್ಣ ಪೂರ್ತಿ ಸುಲಿದು ಅದನ್ನು ಹೊರಗೆ ತಳ್ಳಿದ್ದೆವು. ಒಳಗೆ ಹಮಾಲ ಪುಡಿ ಜರಡಿ ಹಿಡಿಯುತ್ತಿದ್ದ, ಕಾಕಾ ಹಂಡೆ ಖಾಲಿ ಮಾಡುತ್ತಿದ್ದರು. ನಾನು ಗೋಡೆಯಾಚೆ ಕಂಪ್ರೆಸರಿನಲ್ಲಿ ಕೂಡಿದ್ದ ನೀರು ಬಸಿಯುತ್ತಿದ್ದೆ. ಕೊಂಬು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಓಡಿ ಬಂದು ನೋಡಿದರೆ, ಬಲ್ಬಿನ ಮೇಲ್ಗಡೆ, ನನ್ನ ಕೋಲಿನ ಬಟ್ಟೆಗೆ ಸಿಗದ ಕಡೆ, ಗಟ್ಟಿಯಾಗಿ ಕೂತಿದ್ದ ಪುಡಿ ಕಾದು, ಹೆಪ್ಪಾಗಿ, ಕೆಳಗಿನ ಖಾಲಿ ಗೋಣಿಚೀಲಗಳ ಮೇಲೆ ಉದುರಿತ್ತು. ಚೀಲದ ಅಂಚಿನಲ್ಲಿ ದೇವರ ಮನೆಯ ದೀಪದಷ್ಟು ಉರಿ. ಅಷ್ಟೇ. ಅದನ್ನು ಹಾಗೇ ಬಿಟ್ಟು ಹೊರಗೆ ಬಂದಿದ್ದರೆ ಚೀಲಗಳು ಸುಟ್ಟು ಬೂದಿಯಾಗುತ್ತಿದ್ದವು. ಇನ್ನೂ ಹೆಚ್ಚೆಂದರೆ ಶೆಡ್ಡು ಹೋಗುತ್ತಿತ್ತು.

"ಬಾಗ್ಲಾ ಜಗ್ಗೋ! ಗಾಳಿ ಕಟ್ಟು!" ಎಂದು ಕಾಕಾ ಕೂಗಿದರು. ಎಷ್ಟೋ ವರ್ಷಗಳ ನಂತರ ಅವರ ದನಿಯಲ್ಲಿ ಜಿನ್ನಿನ ಮೇಸ್ತ್ರಿಯ ಗತ್ತು ಬಂದಿತ್ತು. ಗಾಡಿಗೆಂದು ತೆರೆದಿದ್ದ ದೊಡ್ಡ ಬಾಗಿಲನ್ನು ಹಮಾಲ ಒಂದೇ ಎಳೆತಕ್ಕೆ ಮುಚ್ಚಿದ. ಬಾಗಿಲು ನನ್ನ ಮೂಗಿನ ಮುಂದೆಯೇ ಬಂದು ಕೂತಿತು.

"ಕಾಕಾ, ಬಡೀಬ್ಯಾಡ್ರಿ! ಪುಡಿ ಏಳ್ತದ! ಹಂಗ ಬಿಟ್ಟು ಹೊರಗ ಬರ್ರಿ!"

"ಬಿಟ್ಟು ಬರಾಕ ಇದೇನು ಸಂತಿ ಏನ್ರಿ? ಹಿಡೀಪಾ ತಟ್ಟು, ಬಡಿ! ಬುಡಕ್ಕ ಬಡಿ!"

ತಟ್ಟಿನ ಏಟು ಧಪ್ ಧಪ್ ಎಂದು ಕೇಳತೊಡಗಿತು. ಆ ತಟ್ಟುಗಳೂ ಪುಡಿ ತುಂಬಿದ್ದ ಚೀಲದವೇ. ಪ್ರತಿ ಏಟಿಗೆ ಒಳಗೆ ಏನು ಏಳುತ್ತಿದೆ ಎಂಬುದು ಬಾಗಿಲ ಈಚೆ ನಿಂತ ನನಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ತಿಂಗಳುಗಟ್ಟಲೆ ಹೇಳಿ ಆಗದ್ದು ಒಂದು ಗಳಿಗೆಯಲ್ಲಿ ಆಗುವುದಲ್ಲ. ಮಾತು ಬಿಟ್ಟೆ. ಬಾಗಿಲಿನ ಕಬ್ಬಿಣದ ಬಳೆಗೆ ಎರಡೂ ಕೈ ಹಾಕಿ, ಕಾಲು ಕಲ್ಲಿಗೆ ಒತ್ತಿ, ಹಿಂದಕ್ಕೆ ಎಳೆದೆ. ಬೆಂಕಿ ಹೇಗೂ ಬರುವುದಾದರೆ ಅದಕ್ಕೊಂದು ದಾರಿಯಾದರೂ ಇರಲಿ ಎಂಬುದೊಂದೇ ಆಗ ತಲೆಯಲ್ಲಿದ್ದದ್ದು.

ಬಾಗಿಲು ಒಂದು ಮಾರಿನಷ್ಟು ಸರಿಯಿತು. ಒಳಗೆ ಬೆಳಕು ಬಿದ್ದಾಗ ಕಂಡದ್ದು ಬರೀ ಬಿಳುಪು. ಅದರಲ್ಲಿ ಇಬ್ಬರ ನೆರಳು. ಕಾಕಾ ತಟ್ಟು ಎಸೆದು ನನ್ನ ಕಡೆ ಧಾವಿಸಿದರು. "ಗಾಳಿ ಬಿಡಾಕ ಹತ್ತೀರಲ್ರಿ, ಹುಚ್ಚರ ಹಂಗ!" ಎನ್ನುತ್ತ ಬಾಗಿಲಿನ ಅಂಚು ಹಿಡಿದು ಮುಚ್ಚಲು ತಳ್ಳಿದರು. ಅವರು ಆ ಕಡೆ, ನಾನು ಈ ಕಡೆ. ವಯಸ್ಸಾದರೂ ಅವರ ತೋಳಿನಲ್ಲಿ ನನಗಿಂತ ಬಲವಿತ್ತು. ಅವರ ಮುಖ ನನ್ನ ಮುಖಕ್ಕೆ ಗೇಣಿನಷ್ಟು ಹತ್ತಿರವಿತ್ತು, ಅಷ್ಟೊಂದು ಸಿಟ್ಟಾದ ಕಾಕಾನನ್ನು ನಾನು ಕಂಡೇ ಇರಲಿಲ್ಲ. ಹಿಂದೆ ಹಮಾಲ ಒಬ್ಬನೇ ಬಡಿಯುತ್ತಿದ್ದ.

ಮೊದಲು ಬಂದದ್ದು ದೊಡ್ಡ ಸದ್ದಲ್ಲ. ಭುಸ್ ಎಂದು ಒಂದು ಹಳದಿ ಉಸಿರು. ಅದು ಜಂತಿಗಳನ್ನು ಅಲುಗಿಸಿತು. ಜಂತಿಗಳ ಮೇಲಿದ್ದ ಪುಡಿಯೆಲ್ಲ ಕೆಳಗಿಳಿಯಿತು. ಎರಡನೆಯದು ಆಮೇಲೆ ಬಂತು. ಅದರ ಸದ್ದು ನನಗೆ ನೆನಪಿಲ್ಲ.

ಕಣ್ಣು ಬಿಟ್ಟಾಗ ನಾನು ಅಂಗಳದಲ್ಲಿ ಬಿದ್ದಿದ್ದೆ. ಮಾಡಿನ ತಗಡುಗಳು ಹೊಸ ಜಿನ್ನಿನವರೆಗೂ ಹಾರಿದ್ದವು. ದೊಡ್ಡ ಬಾಗಿಲು ಹಳಿ ಬಿಟ್ಟು ಮಲಗಿತ್ತು. ತೆರೆದ ಸಂದಿಯಿಂದ ನುಗ್ಗಿದ ಗಾಳಿಯ ಒತ್ತಡ ಕಾಕಾನನ್ನು ನನ್ನ ಮೇಲೆಯೇ ಎಸೆದಿತ್ತು. ಅವರ ಎರಡೂ ಕೈ ಮೊಣಕೈವರೆಗೆ ಸುಟ್ಟಿದ್ದವು, ಕಿವಿಯಿಂದ ರಕ್ತ ಇಳಿಯುತ್ತಿತ್ತು. ಆದರೆ ಉಸಿರಿತ್ತು. ಹಮಾಲ ತಾನಾಗಿಯೇ ನಡೆದು ಹೊರಗೆ ಬಂದ. ಅವನ ಮೈಮೇಲೆ ಬಟ್ಟೆಯಿರಲಿಲ್ಲ, ಅವನಿಗೆ ಅದರ ಪರಿವೆ ಇರಲಿಲ್ಲ. "ಕಾಕಾ ಎಲ್ಲಿ ಅದಾರ್ರಿ?" ಎಂದು ನನ್ನನ್ನು ಕೇಳಿದ. ತೋರಿಸಿದೆ. "ಅದಾರಲ್ಲ" ಎಂದು ಅಲ್ಲೇ ಕೂತ. ಬೆಳಗಾವಿಯ ದವಾಖಾನೆಯಲ್ಲಿ ಕೆಲವು ದಿನ ಇದ್ದು ತೀರಿಕೊಂಡ. ದೊಡವಾಡದಲ್ಲಿ ಅವನ ಹೆಂಡತಿ, ಮಕ್ಕಳು ಇದ್ದರು.

ಇನ್ನಾದರೂ ನನ್ನ ಮಾತು ನಂಬುತ್ತಾರೆ ಎಂದುಕೊಂಡಿದ್ದೆ. ಊರು ಬೇರೆಯದೇ ತೀರ್ಮಾನಕ್ಕೆ ಬಂದಿತ್ತು. ಸಾವಕಾರರು ಸುಟ್ಟ ಶೆಡ್ಡಿನ ಮುಂದೆ ನಿಂತು, ಬೈಯದೆ, ದನಿ ಏರಿಸದೆ, ಒಂದೊಂದಾಗಿ ಎಣಿಸಿದರು. "ಕಂಪ್ರೆಸರ್ ಒಡದಿಲ್ಲ. ಒಳಗ ಎಣ್ಣಿ ಇರಲಿಲ್ಲ. ಪುಡಿ ಹತ್ತೂದಿಲ್ಲ ಅಂತ ನೀವ ತೋರ್ಸಿದ್ರಿ. ಕಾಕಾ ಬೆಂಕಿ ಕಟ್ಟಿದ್ರು. ನೀವು ಬಾಗ್ಲಾ ತೆಗದ್ರಿ, ಗಾಳಿ ಹೊಕ್ಕಿತು, ಹಾರಿತು. ಮತ್ತೇನು ಉಳೀತು ಹೇಳ್ರಿ?" ಹತ್ತಿಯ ಊರಿನಲ್ಲಿ ಹುಟ್ಟಿದ ಯಾರಿಗಾದರೂ ಈ ಲೆಕ್ಕ ತಪ್ಪೆನಿಸುವುದಿಲ್ಲ. ಬಾಗಿಲು ತೆರೆಯದಿದ್ದರೆ ಕಾಕಾ ಒಳಗೇ ಸುಟ್ಟುಹೋಗುತ್ತಿದ್ದರು ಎಂದು ಹೇಳಿದೆ. ಕೇಳಿದವರು ಕರುಣೆಯಿಂದ ನೋಡಿದರು. ದೊಡವಾಡಕ್ಕೆ ಮಾತಾಡಿಸಲು ಹೋದಾಗ ಹಮಾಲನ ಮನೆಯವರು ನೀರು ಕೊಟ್ಟರು, ಎದುರು ಯಾರೂ ಕೂಡಲಿಲ್ಲ.

ಕಾಕಾ ಮಾತಾಡುವ ಸ್ಥಿತಿಗೆ ಬಂದಿದ್ದಾರೆ ಎಂದು ತಿಳಿದಾಗ ದವಾಖಾನೆಗೆ ಹೋದೆ. ಬೇರೆ ಯಾರೂ ನಂಬದಿದ್ದರೂ ಸರಿ, ಅವರೊಬ್ಬರಿಗೆ ತಿಳಿಯಬೇಕು ಎನ್ನಿಸಿತ್ತು. ಕೈಗಳಿಗೆ ತೋಳಿನವರೆಗೂ ಬಟ್ಟೆ ಸುತ್ತಿದ್ದರು. ಬೆರಳು ಇನ್ನು ಮಡಚುವುದಿಲ್ಲ ಎಂದಿದ್ದರಂತೆ ಡಾಕ್ಟರು. ಪಕ್ಕದಲ್ಲಿ ಅವರ ಹೆಂಡತಿ ಕೂತಿದ್ದರು. ನಾನು ಕಾಕಿ ಎಂದು ಕರೆಯುತ್ತಿದ್ದೆ, ಊಟದ ಗಂಟಿನಲ್ಲಿ ನನಗೂ ಎರಡು ರೊಟ್ಟಿ ಕಟ್ಟಿ ಕಳಿಸುತ್ತಿದ್ದ ಹೆಂಗಸು. ನಾನು ಸ್ಟೂಲಿನ ಮೇಲೆ ಕೂತು ಮೊದಲಿಂದ ಹೇಳಿದೆ. ಕೆಂಡದ ಮೇಲಿನ ಪುಡಿ ಬೇರೆ, ತೇಲುವ ಪುಡಿ ಬೇರೆ ಎಂದು ಹೇಳಿದೆ. ತಟ್ಟಿನ ಏಟಿಗೆ ಪುಡಿ ಎದ್ದದ್ದು, ಬಾಗಿಲಿನ ಸಂದಿಯೇ ಅವರನ್ನು ಹೊರಗೆ ಹಾಕಿದ್ದು, ಎಲ್ಲ ಹೇಳಿದೆ. ಕಾಕಾ ನನ್ನ ತುಟಿಯನ್ನೇ ನೋಡುತ್ತ ತಲೆಯಾಡಿಸುತ್ತಿದ್ದರು. ಕೊನೆಗೂ ಒಪ್ಪಿದರು ಎಂದುಕೊಂಡೆ.

"ಆಚಾರ್ರ, ಅವರಿಗೆ ಕಿವಿ ಹೋಗ್ಯಾವ್ರಿ" ಎಂದರು ಕಾಕಿ. "ಒಂದಕ್ಷರ ಕೇಳಸೂದಿಲ್ಲ."

ಬರೆದು ತೋರಿಸೋಣವೆಂದು ಕಾಗದಕ್ಕೆ ಜೇಬಿಗೆ ಕೈ ಹಾಕಿದೆ. ಕಾಕಾನಿಗೆ ಓದು ಬರಹ ಬರುತ್ತಿರಲಿಲ್ಲ.

ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ದನಿ ತಗ್ಗಿಸುವ ಅಗತ್ಯವಿಲ್ಲದಿದ್ದರೂ ತಗ್ಗಿಸಿ ಹೇಳಿದರು. "ನೀವು ಹೇಳಿದ್ದು ನನಗ ತಿಳೀತ್ರಿ. ಹಿಟ್ಟಿನ ಡಬ್ಬಿ ಝಾಡಿಸಿದಾಗ ಒಲಿ ಮುಂದ ಭಗ್ ಅಂದದ್ದು ನಾನೂ ನೋಡೀನಿ. ಖರೇನ ಇರಬೇಕು. ಆದ್ರ ಕೈ ಸನ್ನಿ ಮಾಡಿ, ಚಿತ್ರಾ ಬರದು, ಹೆಂಗರ ಮಾಡಿ ಇವರಿಗೆ ತಿಳಸ್ತೇನಿ ಅಂತ ಹೋಗಬ್ಯಾಡ್ರಿ. ಆ ದೊಡವಾಡದವನ ಕೈಯಾಗ ತಟ್ಟು ಕೊಟ್ಟು ಬಡಿ ಅಂದವರು ಇವರು. ತಿಳೀತಂದ್ರ ಇವರು ಉಳಿಯೂದಿಲ್ಲ."

"ಮತ್ತ ಆ ಪುಡಿ ಕೆಲಸಕ್ಕ ಹೋದ್ರ, ಕಾಕಿ?"

"ಕೈ ಇಲ್ಲದವರು ಎಲ್ಲಿ ಹೋಗ್ತಾರ್ರಿ."

ಅಷ್ಟರಲ್ಲಿ ಕಾಕಾ ಮಾತಾಡಿದರು. ತಮ್ಮ ದನಿ ತಮಗೆ ಕೇಳದವರು ಮಾತಾಡುವಂತೆ ವಾರ್ಡಿಗೆಲ್ಲ ಕೇಳುವಂತೆ ಕೂಗಿ ಮಾತಾಡಿದರು. "ನೋಡಾಕ ಬಂದವರ ಮಾರಿ ನೋಡಿದ್ರ ತಿಳೀತೈತಿ, ಊರವರು ನಿಮಗ ಏನೇನೋ ಅನ್ನಾಕ ಹತ್ಯಾರ. ಮನಸಿಗೆ ಹಚಗೋಬ್ಯಾಡ್ರಿ. ನಾ ಎಲ್ಲಾರಿಗೂ ಹೇಳೇನಿ, ಆಚಾರ್ರು ಬೇಕಂತ ಮಾಡಿಲ್ಲ, ಗಾಬರಿ ಆಗಿ ತೆಗದ್ರು ಅಂತ. ನಂದೇನೂ ಸಿಟ್ಟಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡರು. ಸುತ್ತಿದ ಕೈಯನ್ನು ಕಷ್ಟದಿಂದ ಎತ್ತಿ ನನ್ನ ಮೊಣಕಾಲ ಮೇಲೆ ಇಟ್ಟರು. "ಒಂದ ಮಾತು ಕೇಳ್ತೇನಿ. ಇನ್ನೊಮ್ಮೆ ಹಿಂಗ ಬೆಂಕಿ ಬಿತ್ತಂದ್ರ ಬಾಗ್ಲಾ ತೆಗೀತೀರೇನು?"

ವಾರ್ಡಿನವರೆಲ್ಲ ನನ್ನ ಕಡೆ ತಿರುಗಿದರು. ನಾನು ಕಾಕಿಯ ಮುಖ ನೋಡಿದೆ. ಆಮೇಲೆ, ಕಾಕಾನಿಗೆ ಸರಿಯಾಗಿ ಕಾಣುವಂತೆ, ಇಲ್ಲ ಎಂದು ತಲೆಯಾಡಿಸಿದೆ.